ಕಡತದೊಳಗಿನ ಪಾರ್ಕು

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ, ಎಡವಿದರೆ ಕ್ಷಮಿಸಿ. ನಮ್ಮ ಬೀದಿಯ ಮಕ್ಕಳು ಲಾರಿಗಳ ನಡುವೆಯೇ ಆಡುತ್ತಿದ್ದರು. ಪಕ್ಕದ ಖಾಲಿ ಜಾಗದಲ್ಲಿ ಬರೀ ಜಾಲಿ ಬೆಳೆದಿತ್ತು. ಅಲ್ಲೊಂದು ಪಾರ್ಕು ಮಾಡಿಕೊಡಿ ಎಂದು ಹೂ ಕಟ್ಟುವ ಸಣ್ಣಮ್ಮ ಪುರಸಭೆಯ ಸಭೆಯಲ್ಲಿ ಕೇಳಿದಳು.

“ಪಾರ್ಕು ಆಗ್ಲೇ ಮಾಡಿಸಿದೀವಿ, ಕಡತ ನೋಡಮ್ಮ. ಇಲ್ಲ ಅನ್ನೋಕೆ ದಾಖಲೆ ತಗೊಂಡು ಬಾ,” ಎಂದರು ಅಧ್ಯಕ್ಷರು.

ಸಣ್ಣಮ್ಮ ಕಣ್ಣು ಅರ್ಧ ಮುಚ್ಚಿದಳು. “ಹೌದು ಸ್ವಾಮಿ, ಈಗ ಕಾಣ್ತಿದೆ. ಹೊಂಗೆ ನೆರಳು, ಕಲ್ಲುಬೆಂಚು, ಗಾಳಿಗೆ ಮೆಲ್ಲಗೆ ತೂಗೋ ಉಯ್ಯಾಲೆ. ಎಷ್ಟು ತಂಪು! ಬರೋ ತಿಂಗಳು ಅಲ್ಲೇ ನಿಮಗೆ ಸನ್ಮಾನ ಮಾಡ್ತೀವಿ. ಪೇಪರಿನೋರೂ ಬರ್ತಾರೆ. ಉಯ್ಯಾಲೆ ಮೇಲೆ ಕೂತೇ ಫೋಟೊ ತೆಗೆಸ್ಕೋಬೇಕು.”

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ನೀರು ಕುಡಿದು, “ಆಗ್ಲಿ” ಎಂದರು. ಮರುದಿನವೇ ಜಾಲಿ ಕಡಿಯುವವರು ಬಂದರು.

ಅವಳು ಜಗಳವಾಡದೆ ಸನ್ಮಾನಕ್ಕೆ ಕರೆದದ್ದು ಏಕೆಂದರೆ, ಅಂದರೆ, ಸನ್ಮಾನ ಬೇಡವೆನ್ನುವ ಅಧ್ಯಕ್ಷರು... ಇರಿ, ಮಗಳು ಕೂಗುತ್ತಿದ್ದಾಳೆ. ಪಾರ್ಕಿಗೆ ಹೋಗಿ ಉಯ್ಯಾಲೆ ತೂಗಬೇಕಂತೆ.