ಬಾಗಿಲಿಗೆ ಒಯ್ದ ಸೀರೆ

“ಗುರುಗಳೇ, ಎಷ್ಟು ಬೆಳಕು ಚೆಲ್ಲಿದರೂ ಏನನ್ನೂ ಹಿಂದಿರುಗಿಸದ ಮಗುವಿಗೆ ಪಾಠ ಹೇಳುವುದು ಹೇಗೆ?”

ಕೇಳಿದವನು ಚನ್ನವೀರ, ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಕೇಳಿಸಿಕೊಂಡವರು ಮುರಿಗೆಪ್ಪ ಮಾಸ್ತರರು. ಅದೇ ಹೈಸ್ಕೂಲಿನಲ್ಲಿ ಅದೇ ಪಾಠ ಹೇಳಿ ನಿವೃತ್ತರಾದವರು. ಚನ್ನವೀರನಿಗೂ ಅವರೇ ಕಲಿಸಿದ್ದರು.

“ಯಾವ ಮಗು ತಮ್ಮಾ?” ಎಂದರು ಮಾಸ್ತರರು.

“ದಾನೇಶ್ವರಿ ಅಂತ, ಒಂಬತ್ತನೇ ತರಗತಿ. ತಿಂಗಳಿಂದ ಬೆಳಕಿನ ಪಾಠ ನಡೆದಿದೆ. ವಿದ್ಯುತ್ಕಾಂತೀಯ ತರಂಗಗಳನ್ನು ರೇಡಿಯೋ ಅಲೆಯಿಂದ ಹಿಡಿದು ಎಕ್ಸ್-ರೇವರೆಗೆ ಬೋರ್ಡಿನ ತುಂಬ ಬರೆದೆ. ತರಂಗಾಂತರ, ಆವೃತ್ತಿ, ಸೂತ್ರ, ಒಂದನ್ನೂ ಬಿಡಲಿಲ್ಲ. ಉಳಿದವರು ಗಿಳಿಯ ಹಾಗೆ ಒಪ್ಪಿಸುತ್ತಾರೆ. ಇವಳು ಪರೀಕ್ಷೆಗೆ ಕುಳಿತರೆ ಖಾಲಿ ಹಾಳೆ ಕೊಟ್ಟು ಏಳುತ್ತಾಳೆ. ಒಂದೇ ಒಂದು ಸಲ ಬಾಯಿ ಬಿಟ್ಟಳು: ‘ಸರ್, ಕತ್ತಲೆಯಲ್ಲಿ ಕೆಂಪು ಬಟ್ಟೆ ಕೆಂಪಾಗಿಯೇ ಇರುತ್ತದಾ?’ ಮಕ್ಕಳೆಲ್ಲ ನಕ್ಕರು. ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡ ಎಂದು ಕೂರಿಸಿದೆ. ನಾಳೆ ಅವಳ ಅಪ್ಪ ಬರುತ್ತಾರೆ. ಇವಳಿಗೆ ವಿದ್ಯೆ ತಲೆಗೆ ಹತ್ತುತ್ತದೋ ಇಲ್ಲವೋ ಹೇಳಿಬಿಡಿ, ಇಲ್ಲವೆಂದರೆ ಶಾಲೆ ಬಿಡಿಸುತ್ತೇನೆ ಎಂದಿದ್ದಾರೆ. ಅವಳ ಓದು ನನ್ನ ಒಂದು ಮಾತಿನ ಮೇಲೆ ನಿಂತಿದೆ. ಸುಳ್ಳು ಹೇಳಲಿ ಹೇಗೆ?”

ಮಾಸ್ತರರು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಸುಳ್ಳು ಹೇಳು ಎಂದು ನಾನೂ ಹೇಳುವುದಿಲ್ಲ. ಒಂದು ಕತೆ ಹೇಳುತ್ತೇನೆ, ಕೂಡು. ನಡುವೆ ಬಾಯಿ ಹಾಕಿದೆಯೋ, ಎದ್ದು ಒಳಗೆ ಹೋಗುತ್ತೇನೆ” ಎಂದು ಶುರು ಮಾಡಿದರು.

ಅದು ನೇಕಾರರ ಊರು. ಅಲ್ಲಿ ಒಬ್ಬ ಜವಳಿ ವ್ಯಾಪಾರಿ. ಮಗ್ಗ ನೇಕಾರರದು, ನೂಲು ಅವನದು. ಅವನು ನೂಲು ಕೊಟ್ಟರೆ ಮಗ್ಗ ಆಡುತ್ತದೆ. ಕೊಡದಿದ್ದರೆ ಮಗ್ಗವೂ ನಿಲ್ಲುತ್ತದೆ, ಮನೆಯ ಒಲೆಯೂ ನಿಲ್ಲುತ್ತದೆ.

ಆ ಊರಿನ ಹೆಣ್ಣುಮಕ್ಕಳಿಗೆ ಒಂದು ರೂಢಿ. ಸೀರೆ ಎಷ್ಟೇ ಮನಸ್ಸಿಗೆ ಬಂದರೂ ಅಂಗಡಿಯೊಳಗೆ ಕುಳಿತು ಹೂಂ ಅನ್ನುವವರಲ್ಲ. ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದ ಮೇಲೆಯೇ ಹೂಂ. ನಗಬೇಡ, ನಿನ್ನ ಮನೆಯವರೂ ಹಾಗೆಯೇ ಮಾಡುತ್ತಾರೆ.

ವ್ಯಾಪಾರಿ ಹೊಸ ಅಂಗಡಿ ಕಟ್ಟಿಸಿದ. ಕಿಟಕಿಗಳಿಗೆಲ್ಲ ದೂರದಿಂದ ಕೆಂಪು ಗಾಜು ತರಿಸಿ ಕೂರಿಸಿದ. ಬಾಗಿಲಿಗೆ ದಪ್ಪ ಪರದೆ ಇಳಿಬಿಟ್ಟ. ಒಳಗೆ ಹೋದರೆ ಗಾದಿ ಕೆಂಪು, ಗೋಡೆ ಕೆಂಪು, ಕುಳಿತವನ ಮೂಗೂ ಕೆಂಪು! ನೋಡಿದವರು ಬೆರಗಾದರು. ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ. ಇನ್ನು ಮೇಲೆ ಯಾರೂ ಸೀರೆಯನ್ನು ಬಾಗಿಲಿಗೆ ಒಯ್ಯಕೂಡದು ಎಂದ. ಒಯ್ದರೆ ತನ್ನ ಮಾಲಿನ ಮೇಲೆ ಅನುಮಾನಪಟ್ಟ ಹಾಗೆ ಎಂದು ಅವನ ಎಣಿಕೆ. ದಿನ ಕಳೆದಂತೆ ಅವನ ಕಣ್ಣು ಆ ಕೆಂಪಿಗೆ ಎಷ್ಟು ಒಗ್ಗಿತೆಂದರೆ, ಅಲ್ಲಿ ಬೀಳುವುದು ಬರೀ ಕೆಂಪು ಬೆಳಕು ಎನ್ನುವುದೇ ಅವನಿಗೆ ಮರೆತುಹೋಯಿತು.

ಒಬ್ಬ ಗೌಡ ಅಲ್ಲಿ ಕೆಂಪು ರುಮಾಲು ಕೊಂಡ. ಮನೆಗೆ ಹೋಗಿ ಬಿಚ್ಚಿದರೆ ಬಿಳಿ! ಸಿಟ್ಟಿನಿಂದ ತಿರುಗಿ ಬಂದು ಗಾದಿಯ ಮೇಲೆ ಬಿಸಾಕಿದ. ಅಲ್ಲಿ ಅದು ಮತ್ತೆ ಕೆಂಪು. ‘ಮೊದಲು ಕಣ್ಣು ತೋರಿಸಿಕೊಳ್ಳಿ ಗೌಡರೇ’ ಎಂದ ವ್ಯಾಪಾರಿ. ಗೌಡ ಪೆಚ್ಚಾಗಿ ಎದ್ದು ಹೋದ.

ಅದೇ ಊರಿನಲ್ಲಿ ಒಬ್ಬ ನೇಕಾರ. ಮದುವೆಯ ಹಂಗಾಮಿನಲ್ಲಿ ವ್ಯಾಪಾರಿ ಅವನಿಗೆ ನೂಲು ಕೊಟ್ಟು, ಹಸಿರು ಸೀರೆ ನೇಯ್ದು ತಾ ಎಂದ. ಹೆಂಡತಿ ನೂಲಿಗೆ ಬಣ್ಣ ಹಾಕಿದಳು, ಇವನು ನೇಯ್ದ. ಅಷ್ಟು ಚೆಂದದ ಹಸಿರು ಅವರ ಮಗ್ಗದ ಮೇಲೆ ಹಿಂದೆಂದೂ ಬಂದಿರಲಿಲ್ಲ. ಹೆಂಡತಿ ಸೀರೆಗೆ ದೃಷ್ಟಿ ತೆಗೆದು ಕಳಿಸಿದಳು. ಅವನು ಅದನ್ನು ಮಡಿಸಿ, ಬಟ್ಟೆಯಲ್ಲಿ ಸುತ್ತಿ, ಅಂಗಡಿಗೆ ಒಯ್ದು ಗಾದಿಯ ಮೇಲೆ ಬಿಚ್ಚಿದ. ಸೀರೆ ಕರ್ರಗೆ ಕಂಡಿತು.

‘ಏನೋ ಇದು? ಹಸಿರು ಕೇಳಿದರೆ ಕಪ್ಪು ತಂದಿದ್ದೀಯಲ್ಲ! ಮದುವಣಗಿತ್ತಿಗೆ ಕಪ್ಪು ಉಡಿಸುತ್ತಾರೇನೋ? ನನ್ನ ನೂಲು ಹಾಳು ಮಾಡಿದೆ. ಇನ್ನು ನಿನಗೆ ಒಂದು ಎಳೆಯನ್ನೂ ಕೊಡುವುದಿಲ್ಲ, ಹೋಗು!’ ಎಂದು ವ್ಯಾಪಾರಿ ಗದರಿದ.

ನೇಕಾರ ಬಗ್ಗಿ ನೋಡಿದ. ಹೌದು, ಕಪ್ಪು. ಮನೆಯಲ್ಲಿ ಕಂಡ ಹಸಿರು ಬರೀ ಭ್ರಮೆಯೇ? ಹೆಂಡತಿಯ ಕೈ ತಪ್ಪಿತೇ? ತನ್ನ ಕಣ್ಣು ಹೋಯಿತೇ? ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ ನೋಡು. ವ್ಯಾಪಾರಿ ಬೈದದ್ದು ಹೋಗಲಿ. ತಾನೇ ನೇಯ್ದ ಹಸಿರನ್ನು ನೇಕಾರನೂ ಕಪ್ಪು ಎಂದು ನಂಬಿಬಿಟ್ಟ. ನಾಳೆಯಿಂದ ಮಗ್ಗ ನಿಂತಿತು ಎಂದುಕೊಂಡು, ತಲೆ ತಗ್ಗಿಸಿ ಸೀರೆ ಮಡಿಸತೊಡಗಿದ.

ಅಲ್ಲಿ ಒಬ್ಬ ಅಜ್ಜಿ ಕುಳಿತಿದ್ದಳು. ಮೊಮ್ಮಗಳ ಮದುವೆಗೆ ಸೀರೆ ಕೊಳ್ಳಲು ಬಂದವಳು. ಅವಳು ಕೈ ನೀಡಿ, ‘ತಡಿಯಪ್ಪಾ, ಬಾಗಿಲಿಗೆ ಒಯ್ದು ನೋಡೋಣ’ ಎಂದಳು.

‘ಅಜ್ಜೀ, ಕಪ್ಪು ಸೀರೆಯಲ್ಲಿ ನೋಡುವುದೇನಿದೆ?’ ಎಂದ ವ್ಯಾಪಾರಿ.

‘ಇರಲಿ ಬಿಡೋ. ನಮ್ಮ ಅತ್ತೆ ಹಾಕಿಕೊಟ್ಟ ರೂಢಿ. ಬಾಗಿಲಿಗೆ ಒಯ್ಯದೆ ಒಂದು ಕುಪ್ಪಸದ ಖಣವನ್ನೂ ನಾನು ಬೇಕು ಅಂದವಳಲ್ಲ, ಬೇಡ ಅಂದವಳೂ ಅಲ್ಲ.’

ಅಜ್ಜಿಗೆ ಬೆಳಕಿನ ಶಾಸ್ತ್ರ ಗೊತ್ತಿತ್ತು ಎಂದುಕೊಳ್ಳಬೇಡ. ಒಳಗೆ ಅವಳಿಗೂ ಅದು ಕಪ್ಪಾಗಿಯೇ ಕಂಡಿತ್ತು. ರೂಢಿ ಬಿಡಲಿಲ್ಲ, ಅಷ್ಟೇ. ಸೀರೆಯನ್ನು ಎದೆಗೆ ಅವಚಿಕೊಂಡು ಹೋದಳು, ಪರದೆ ಸರಿಸಿದಳು, ಬಿಸಿಲಿಗೆ ಹಿಡಿದಳು. ಎಳೆ ಜೋಳದ ಹೊಲದಂಥ ಹಸಿರು!

ನೇಕಾರ ಓಡಿಬಂದ. ವ್ಯಾಪಾರಿಯೂ ಓಡಿಬಂದ. ಸೀರೆ ಕಿತ್ತುಕೊಂಡು ಒಳಗೆ ಹೋದರೆ ಕಪ್ಪು, ಹೊರಗೆ ಬಂದರೆ ಹಸಿರು. ಮತ್ತೆ ಒಳಗೆ, ಮತ್ತೆ ಹೊರಗೆ. ಅಜ್ಜಿ ನಕ್ಕು, ‘ಸಾಕು ಬಿಡಪ್ಪಾ, ಸೀರೆಗೆ ತಲೆ ತಿರುಗೀತು’ ಎಂದಳು.

ನೇಕಾರ ನಿಂತಲ್ಲೇ ಅಳತೊಡಗಿದ. ಅಜ್ಜಿಯ ಕಾಲಿಗೆ ಬಿದ್ದು, ‘ತಾಯೀ, ನನ್ನ ಮಗ್ಗ ಉಳಿಸಿದಿರಿ’ ಎಂದ. ‘ನನಗೇಕಪ್ಪಾ? ಆ ಬಿಸಿಲಿಗೆ ಮಾಡು ನಮಸ್ಕಾರ’ ಎಂದು ಅಜ್ಜಿ ಅವನನ್ನು ಎಬ್ಬಿಸಿದಳು. ಆ ಸೀರೆಯನ್ನು ಅವಳೇ ಕೊಂಡಳು. ಮೊಮ್ಮಗಳು ಅದನ್ನು ಉಟ್ಟೇ ಹಸೆಗೆ ಕುಳಿತಳು. ವ್ಯಾಪಾರಿ ಅದೇ ದಿನ ಪರದೆ ತೆಗೆಸಿದ, ನೇಕಾರನ ಮನೆಗೆ ತಾನೇ ನೂಲು ಹೊತ್ತು ಹೋದ, ಗೌಡನ ಮನೆಗೂ ಹೋಗಿ ತಪ್ಪಾಯಿತು ಎಂದ. ಅವನೂ ಕೆಟ್ಟವನೇನಲ್ಲ. ಇನ್ನು ಆ ನೇಕಾರನ ಮನೆಯಲ್ಲಿ, ಮಗ್ಗದಿಂದ ಇಳಿದ ಸೀರೆಯನ್ನು ಮೊದಲು ಹೊಸ್ತಿಲ ಮೇಲೆ ಹರಡಿ, ಅಜ್ಜಿಯ ಹೆಸರಿನಲ್ಲಿ ಅರಿಸಿನ ಕುಂಕುಮ ಇಟ್ಟ ಮೇಲೆಯೇ ಅಂಗಡಿಗೆ ಕಳಿಸುವುದು.

ಮಾಸ್ತರರು ಅಲ್ಲಿಗೆ ನಿಲ್ಲಿಸಿ ಚನ್ನವೀರನ ಮುಖ ನೋಡಿದರು.

“ವಿಜ್ಞಾನ ನಿನಗೆ ಗೊತ್ತೇ ಇದೆ. ಬಟ್ಟೆ ತಾನಾಗಿ ಬಣ್ಣ ಹುಟ್ಟಿಸುವುದಿಲ್ಲ. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇದೆ. ಹಸಿರು ಸೀರೆ ಉಳಿದದ್ದನ್ನು ನುಂಗಿ ಹಸಿರನ್ನು ಹಿಂದಿರುಗಿಸುತ್ತದೆ. ಕೆಂಪು ಗಾಜು ಆ ಹಸಿರನ್ನು ಕಿಟಕಿಯಲ್ಲೇ ತಡೆದುಬಿಟ್ಟಿತ್ತು. ತನಗೆ ಬಂದು ಮುಟ್ಟದ್ದನ್ನು ಸೀರೆ ಎಲ್ಲಿಂದ ಹಿಂದಿರುಗಿಸೀತು?”

ಚನ್ನವೀರ ನೆಲ ನೋಡುತ್ತಿದ್ದ. ತಲೆ ಎತ್ತಿ, “ಗುರುಗಳೇ, ಕತ್ತಲೆಯಲ್ಲಿ ಕೆಂಪು ಬಟ್ಟೆ ಏನಾಗುತ್ತದೆ ಎಂದು ಆ ಹುಡುಗಿ ಕೇಳಿದ್ದು ಇದನ್ನೇ ಅಲ್ಲವೇ?” ಎಂದ.

“ಇದನ್ನೇ. ಬೋರ್ಡಿನ ತುಂಬ ಬರೆದವನಿಗೆ ಹೊಳೆಯದ್ದು ಖಾಲಿ ಹಾಳೆ ಕೊಟ್ಟವಳಿಗೆ ಹೊಳೆದಿತ್ತು. ನಾಳೆ ತರಗತಿಗೆ ಆಚೆಯದು ಕಾಣುವಂಥ ಒಂದು ಕೆಂಪು ಗಾಜಿನ ಕಾಗದ, ಒಂದು ಹಸಿರೆಲೆ ಒಯ್ಯಿ. ಅವಳ ಕೈಯಲ್ಲೇ ಕೊಡು. ಮಾಡಿ ನೋಡಲಿ.”

“ಒಯ್ಯುತ್ತೇನೆ. ಆದರೆ ಅವಳ ಅಪ್ಪನಿಗೆ ಏನು ಹೇಳಲಿ?”

“‘ತಡಿಯಪ್ಪಾ, ಬಾಗಿಲಿಗೆ ಒಯ್ದು ನೋಡೋಣ’ ಅನ್ನು. ನೀನು ಒಂಬತ್ತನೇ ತರಗತಿಯಲ್ಲಿ ಖಾಲಿ ಹಾಳೆ ಕೊಟ್ಟು ಕೂತಿದ್ದಾಗ ನಿನ್ನ ಅಪ್ಪನಿಗೂ ನಾನು ಅಷ್ಟೇ ಹೇಳಿದ್ದು.”

ಚನ್ನವೀರ ಮಾಸ್ತರರ ಪಾದ ಮುಟ್ಟಿ ನಮಸ್ಕರಿಸಿದ.