ತಮ್ಮ ಬಿಚ್ಚಿದ ಗಂಟು

ಪದ್ಮರಾಜಯ್ಯ ಮೇಷ್ಟ್ರು ಯಾವ ಕೋಣೆಯಿಂದ ಹೊರಟರೂ ಹೊಸ್ತಿಲ ಮೇಲೆ ನಿಂತು, ಒಳಗೆ ಮಾಡಿದ್ದನ್ನು ಬಾಯಿಬಿಟ್ಟು ಹೇಳುವರು: ಫ್ಯಾನ್ ಆರಿಸಿದೆ, ಕಿಟಕಿ ಹಾಕಿದೆ. ಕೇಳುವವರು ಇರಲಿ, ಬಿಡಲಿ. ಅವರ ಹತ್ತಿರ ಕಂಪ್ಯೂಟರ್ ಕಲಿತವರೆಲ್ಲ ಇದಕ್ಕೆ ಮುಸಿಮುಸಿ ನಕ್ಕವರೇ. ತನುಜಾ ಕೂಡ. ಆ ದಿನ ಮಾತ್ರ ಅವಳಿಗೆ ನಗು ಬರಲಿಲ್ಲ.

"ಸರ್, ಒಳಗೆ ಬದಲಾದದ್ದು ಹೊರಗೆ ಯಾಕೆ ಬದಲಾಗಲಿಲ್ಲ?" ಎಂದು ಕೇಳಿದಳು.

ಅವಳು ಕೆಲಸ ಮಾಡುವ ಸಂಗ್ರಹಾಲಯದಲ್ಲಿ ಬೀಸುಕಲ್ಲಿನ ಹಾಡುಗಳ ಧ್ವನಿಮುದ್ರಣಗಳಿದ್ದವು. ಹಾಡಿದ ಮುದುಕಿಯರಲ್ಲಿ ಒಬ್ಬರೂ ಈಗ ಇಲ್ಲ. ಒಂದೊಂದನ್ನೂ ಹೆಡ್‌ಫೋನ್ ಹಾಕಿಕೊಂಡು ಕೇಳಿ ಹೆಸರಿಟ್ಟವಳು ಅವಳೇ. ಅವನ್ನು ಹೊಸ ಡಿಸ್ಕಿಗೆ ಸಾಗಿಸಲು ಶೆಲ್ ಸ್ಕ್ರಿಪ್ಟ್, ಎಂದರೆ ಕಂಪ್ಯೂಟರ್ ಸಾಲಾಗಿ ನಡೆಸುವ ಆಜ್ಞೆಗಳ ಪಟ್ಟಿ, ಬರೆದಳು. 'ಕೆಟ್ಟಿದೆಯೇ' ಎಂಬ ವೇರಿಯಬಲ್ಲಿಗೆ, ಬೇಕಾದಾಗ ಬದಲಿಸಬಹುದಾದ ಖಾನೆಗೆ, ಮೊದಲು 'ಇಲ್ಲ' ಎಂದಿಟ್ಟಳು. ಹಾಡುಗಳ ಹೆಸರನ್ನು, ಒಂದು ಆಜ್ಞೆ ಕೊಟ್ಟದ್ದನ್ನು ಇನ್ನೊಂದಕ್ಕೆ ಹರಿಸುವ ಪೈಪಿನ ಮೂಲಕ, ಒಂದೊಂದನ್ನೂ ಸರದಿಯಲ್ಲಿ ನೋಡುವ ಲೂಪಿಗೆ ಕೊಟ್ಟಳು. ಲೂಪು ಹೊಸ ನಕಲುಗಳನ್ನು ಪರೀಕ್ಷಿಸಿ, ಕೆಟ್ಟದ್ದು ಸಿಕ್ಕರೆ 'ಹೌದು' ಮಾಡಬೇಕು. ಕೊನೆಯಲ್ಲಿಯೂ 'ಇಲ್ಲ' ಎಂದೇ ಇದ್ದರೆ ಹಳೆಯ ಡಿಸ್ಕನ್ನು ಅಳಿಸಬೇಕು. ನಕಲುಗಳೆಲ್ಲ ಕೆಟ್ಟಿದ್ದವು. ಲೂಪು 'ಹೌದು' ಮಾಡಿತು. ಲೂಪಿನ ಹೊರಗೆ 'ಇಲ್ಲ' ಹಾಗೇ ಇತ್ತು. ಹಳೆಯ ಡಿಸ್ಕು ಅಳಿಯಿತು.

ಮೇಷ್ಟ್ರು ಒಂದು ಕತೆ ಹೇಳಿದರು.

ಒಬ್ಬ ರೈತ. ದೂರದ ಹೊಲದಲ್ಲಿ ಅವನದೊಂದು ಹಗೇವು, ಜೋಳ ತುಂಬಿಡುವ ನೆಲದೊಳಗಿನ ಕಣಜ. ನೋಡಿಬರಲು ತಮ್ಮನನ್ನು ಕಳಿಸಿದ. ತನ್ನ ಕೈಗೊಂದು ನೂಲು ಕಟ್ಟಿಕೊಂಡ, ತಮ್ಮನ ಕೈಗೂ ಅಂಥದೇ ಒಂದನ್ನು ಕಟ್ಟಿದ. ಜೋಳ ಮುಗ್ಗಿದ್ದರೆ ಗಂಟು ಬಿಚ್ಚು ಎಂದ. ತಮ್ಮ ಹಗೇವಿಗೆ ಇಳಿದ. ಜೋಳ ಮುಗ್ಗಿತ್ತು. ಹೇಳಿದ ಹಾಗೆ ಗಂಟು ಬಿಚ್ಚಿದ. ಇನ್ನು ಅಣ್ಣನಿಗೆ ತಿಳಿಯುತ್ತದೆ ಅಂದುಕೊಂಡ. ಒಳಗಿನ ವಿಷಗಾಳಿಗೆ ಅಲ್ಲೇ ಉಸಿರು ನಿಂತಿತು. ಸಂಜೆ ಅಣ್ಣ ತನ್ನ ಕೈ ನೋಡಿಕೊಂಡ. ಗಂಟು ಗಟ್ಟಿಯಾಗಿತ್ತು. ಹಗೇವಿನ ಜೋಳ ಚೆನ್ನಾಗಿದೆ, ತಮ್ಮ ಹೊಲದಲ್ಲೇ ಉಳಿದಿರಬೇಕು ಎಂದುಕೊಂಡು, ಮನೆಯ ಹಳೆಯ ಜೋಳವನ್ನೆಲ್ಲ ದನಕ್ಕೆ ಸುರಿದ.

"ತಮ್ಮ ಬಿಚ್ಚಿದ್ದು ಸುಳ್ಳೇ, ಸರ್?"

"ನಿಜವೇ ಕಣಮ್ಮ. ಅವನ ಕೈಯಲ್ಲಿ ನಿಜ. ಪೈಪಿನಾಚೆಯ ಲೂಪನ್ನು, ಆಜ್ಞೆಗಳನ್ನು ನಡೆಸುವ ನಿನ್ನ ಶೆಲ್ಲು ತಾನೇ ನಡೆಸಲಿಲ್ಲ. ತನ್ನ ಹಾಗೇ ಇನ್ನೊಂದನ್ನು ಹುಟ್ಟಿಸಿ, ತನ್ನಲ್ಲಿದ್ದುದರ ನಕಲು ಕೊಟ್ಟು ಕಳಿಸಿತು. ಅದು ತನ್ನ ನಕಲನ್ನು ತಿದ್ದಿಕೊಂಡಿತು, ಸತ್ತಿತು. ಸಾಯುವ ಮುಂಚೆ ಕೂಗಿದ್ದರೆ ಹೊರಗೆ ಕೇಳುತ್ತಿತ್ತು. ಕೂಗು ಅಂತ ನೀನು ಹೇಳಿರಲಿಲ್ಲ."

ಅಳಿದದ್ದನ್ನು ಮರಳಿ ತರುವ ಪ್ರಯತ್ನಗಳೆಲ್ಲ ಆಗಿಹೋಗಿದ್ದವು. ಹಾಗಾದರೆ ಎಲ್ಲೂ ಏನೂ ಉಳಿದಿಲ್ಲವೇ ಎಂದು ಅವಳು ಮೆಲ್ಲಗೆ ಕೇಳಿದಳು.

ಮೇಷ್ಟ್ರು ಎದ್ದರು. ಫ್ಯಾನ್ ಆರಿಸಿದರು, ಕಿಟಕಿ ಹಾಕಿದರು. ಹೊಸ್ತಿಲ ಮೇಲೆ ನಿಂತವರು ಎಂದಿನ ಮಾತು ಹೇಳಲಿಲ್ಲ.

"ಎಲ್ಲವನ್ನೂ ಕೇಳಿದವಳು ನೀನೊಬ್ಬಳಿದ್ದೀಯಲ್ಲ, ಒಂದು ಹಾಡು ಹಾಡು," ಎಂದು ಕಾದು ನಿಂತರು.