ನಾಲ್ಕು ಬೆರಳು ಎತ್ತರ

"ಗುರುಗಳೇ, ನೋವನ್ನು ಮುಚ್ಚಿಟ್ಟವನದು ತಪ್ಪೋ, ಅದನ್ನು ಕಾಣದೇ ಹೋದವನದು ತಪ್ಪೋ?" ಎಂದು ಶಿಷ್ಯ ಕೇಳಿದ.

"ಯಾರ ತಲೆಗೆ ಕಟ್ಟಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಬಂದ ಹಾಗಿದೆ. ಇರಲಿ, ಕುಳಿತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಮರ ಕಡೆಯುವವನೊಬ್ಬನಿದ್ದ. ಮನೆಯ ಹಿಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು, ತಿರುಗುವ ಮರಕ್ಕೆ ಉಳಿ ಹಿಡಿದು ಬುಗುರಿ, ಗಿಲಕಿ, ತೊಟ್ಟಿಲ ಕಾಲು ಮಾಡುತ್ತಿದ್ದ. ಅವನ ಬುಗುರಿ ನಿಂತಲ್ಲೇ ನಿದ್ದೆ ಹೋಗುತ್ತದೆ ಎಂದು ಜನ ಹೇಳುತ್ತಿದ್ದರು. ಹೀಗಿರುವಾಗ ಮರದ ದಿಮ್ಮಿ ಇಳಿಸಲು ಹೋಗಿ ಅವನು ಬಂಡಿಯಿಂದ ಬಿದ್ದ. ಸೊಂಟದಿಂದ ಕೆಳಗೆ ಬಲ ಹೋಯಿತು. ಕೈ ಇದೆಯಲ್ಲ, ಬದುಕಿಕೊಳ್ಳುತ್ತೇನೆ ಎಂದು ಅವನೇ ಎಲ್ಲರಿಗೂ ಧೈರ್ಯ ಹೇಳಿದ.

ಅವನಿಗೊಬ್ಬ ತಮ್ಮ. ಬಾಗಿಲು, ಕಿಟಕಿ ಮಾಡುವ ಬಡಗಿ. ಅಣ್ಣನೆಂದರೆ ಅವನಿಗೆ ಪ್ರಾಣ. ಅಣ್ಣ ಆಸ್ಪತ್ರೆಯಿಂದ ಬರುವುದರೊಳಗೆ ಕೋಣೆಯನ್ನು ಅವನಿಗೆ ಒಗ್ಗುವಂತೆ ಮಾಡಿ ಮುಗಿಸಬೇಕೆಂದು ಹಟ ತೊಟ್ಟ. ಗಾಲಿಕುರ್ಚಿ ಉರುಳಲೆಂದು ಹೊಸ್ತಿಲನ್ನೇ ಕಿತ್ತ. ಇನ್ನು ಅರಿಶಿನ ಎಲ್ಲಿ ಹಚ್ಚಲಿ ಎಂದು ತಾಯಿ ಗೊಣಗಿದರೆ, ಅಣ್ಣನ ಗಾಲಿಗೇ ಹಚ್ಚು ಎಂದ. ಉಳಿಗಳನ್ನು ಕೈಗೆಟಕುವ ಹಾಗೆ ತೂಗುಹಾಕಿದ. ಕಾಲಿನಿಂದ ಒತ್ತುವ ಗುಂಡಿಯನ್ನು ಕೈಯ ಹತ್ತಿರ ತಂದ. ಮೊಣಕಾಲು ತಗಲದಂತೆ ಯಂತ್ರದ ಅಡಿಯನ್ನು ಖಾಲಿ ಬಿಟ್ಟ.

ಉಳಿದದ್ದು ಯಂತ್ರದ ಎತ್ತರ. ಕಡೆಯುವವನ ಮೊಣಕೈ ಮಟ್ಟದಲ್ಲೇ ಮರ ತಿರುಗಬೇಕು ಎಂಬುದು ಆ ಕಸುಬಿನ ನೇಮ. ತಮ್ಮನಿಗೂ ಅದು ಗೊತ್ತಿತ್ತು. ಗಾಲಿಕುರ್ಚಿಯಲ್ಲಿ ತಾನೇ ಕುಳಿತ, ಮೊಣಕೈ ಮಡಿಸಿ ಗುರುತು ಹಾಕಿದ, ಆ ಗುರುತಿಗೆ ಯಂತ್ರ ಕೂರಿಸಿದ. ಅವನದು ಬಾಗಿಲ ಚೌಕಟ್ಟಿನಂತೆ ನೆಟ್ಟಗಿನ ಬೆನ್ನು. ಬಲ ಹೋದ ಸೊಂಟ ಕುರ್ಚಿಯಲ್ಲಿ ಎಷ್ಟು ಕುಸಿಯುತ್ತದೆ ಎಂಬುದು ಆ ಬೆನ್ನಿಗೆ ಹೇಗೆ ತಿಳಿಯಬೇಕು?

ಅಣ್ಣ ಮನೆಗೆ ಬಂದ. ನೋಡಲು ಬಂದ ಊರವರು, ತಮ್ಮ ಇದ್ದರೆ ಹೀಗಿರಬೇಕು ಎಂದು ಹೊಗಳಿದರು. ತಮ್ಮ ಮುಖವರಳಿಸಿ, "ಚೆನ್ನಾಗೈತೆ ಅಲ್ವಾ ಅಣ್ಣಾ?" ಎಂದ.

"ಚೆನ್ನಾಗೈತೆ ಕಣೋ" ಎಂದ ಅಣ್ಣ. ಯಂತ್ರ ಅವನಿಗೆ ನಾಲ್ಕು ಬೆರಳು ಎತ್ತರವಾಗಿತ್ತು.

ಕುರ್ಚಿಯ ಮೇಲೆ ಕಂಬಳಿ ಮಡಿಸಿ ಹಾಕಿ ನೋಡಿದ. ಕೂತರೆ ಜಾರುತ್ತಿತ್ತು, ತೆಗೆದುಬಿಟ್ಟ. ಅಂದಿನಿಂದ ಭುಜ ಎತ್ತಿಕೊಂಡೇ ಕಡೆದ. ಸಂಜೆಯಾದರೆ ಭುಜ ಉರಿಯುತ್ತಿತ್ತು. ಹೆಂಡತಿ ಎಣ್ಣೆ ತಿಕ್ಕುತ್ತಿದ್ದಳು; ತಮ್ಮನಿಗೆ ಹೇಳಬೇಡ ಎಂದು ಅವಳ ಬಾಯಿ ಕಟ್ಟಿದ್ದ. ತಮ್ಮ ದಿನವೂ ಬಂದು ಅದೇ ಮಾತು ಕೇಳುತ್ತಿದ್ದ, ಅದೇ ಉತ್ತರ ಪಡೆದು ಸಂತೋಷವಾಗಿ ಹೋಗುತ್ತಿದ್ದ. ಊರೆಲ್ಲ ಹೊಗಳಿದವನ ಕಣ್ಣು ಅಷ್ಟು ಬೇಗ ತೆರೆಯುವುದಿಲ್ಲ, ಏನು ಮಾಡುವುದು! ಒಂದು ಬೆಳಗ್ಗೆ ಸೋತ ಕೈಯಲ್ಲಿದ್ದ ಉಳಿ ತಿರುಗುವ ಮರಕ್ಕೆ ಸಿಕ್ಕಿಕೊಂಡಿತು. ಕೈಯನ್ನು ಸೆಳೆದ ರಭಸಕ್ಕೆ ಭುಜದ ನರ ಹರಿಯಿತು. ಆಮೇಲೆ ಆ ಬಲಗೈ ಅನ್ನದ ತುತ್ತನ್ನೂ ಬಾಯಿಗೆ ಎತ್ತಲಿಲ್ಲ.

ಹೆಂಡತಿ ತಡೆಯಲಾರದೆ ಎಲ್ಲವನ್ನೂ ಮೈದುನನಿಗೆ ಹೇಳಿಬಿಟ್ಟಳು. ಅವನು ಓಡಿಬಂದು ಅಣ್ಣನ ಕುರ್ಚಿಯ ಮುಂದೆ ಕುಳಿತ.

"ಎತ್ತರ ಆಯ್ತು ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಅಣ್ಣಾ? ನಾಕು ಬೆರಳು ಇಳ್ಸೋಕೆ ನಂಗೆಷ್ಟು ಹೊತ್ತು?"

"ನಾನು ಬಿದ್ದಮೇಲೆ ನಿನ್ನ ಮುಖದಾಗೆ ನಗು ಕಂಡಿದ್ದು ಆವತ್ತೇ ಕಣೋ. ನೀನು 'ಅಲ್ವಾ' ಅಂದಾಗೆಲ್ಲ, 'ಅಲ್ಲ' ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ."

ತಮ್ಮ ಎದ್ದುಹೋಗಿ ಯಂತ್ರವನ್ನು ನಾಲ್ಕು ಬೆರಳು ಇಳಿಸಿದ. ಅನ್ನ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಈಗ ಎತ್ತರ ಸರಿಯಾಗಿದೆ, ಕಡೆಯುವ ಕೈ ಇಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ, "ಹಾಗಾದರೆ ತಮ್ಮನದೇ ತಪ್ಪು. ಅಣ್ಣನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು" ಎಂದ.

"ಕೇಳಿದನಲ್ಲಪ್ಪಾ, ದಿನವೂ ಕೇಳಿದ. ಕುರ್ಚಿಗೆ ದಾರಿ ಬಿಟ್ಟವನು 'ಅಲ್ಲ' ಎಂಬ ಮಾತಿಗೆ ದಾರಿ ಬಿಡದೆ ಕೇಳಿದ."